ಮೂಕ ಕಾಯಿ

ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಗೂ ಕೊತ್ತಂಬರಿ ಕಟ್ಟಿಗೂ ನಡುವೆ ಇಂಜೆಕ್ಷನ್ನಿನ ಡಬ್ಬಿ ಇದ್ದುದರಿಂದ ತೀರ್ಥಪ್ಪ ಬೆಳಗಿನಿಂದ ಅಡುಗೆಮನೆಗೆ ಕಾಲಿಟ್ಟಿರಲಿಲ್ಲ. ಬಾಯಿ ಒಣಗಿತ್ತು. ಜಗಲಿಯ ಕಂಬಕ್ಕೆ ಒರಗಿ, ಎದುರು ಮನೆಯ ತಗಡಿನ ಮೇಲೆ ಬಿಸಿಲು ಏರುವುದನ್ನು ನೋಡುತ್ತ, ಒಳಗೆ ಫ್ರಿಜ್ಜು ಗುಂಯ್‌ಗುಡುವುದನ್ನು ಕೇಳುತ್ತ ಕೂತಿದ್ದ. ಆ ಸದ್ದು ಮೊದಲೂ ಇದ್ದಿರಬೇಕು, ವರ್ಷಗಟ್ಟಲೆ ಇದ್ದಿರಬೇಕು. ಈಗ ಮಾತ್ರ ಯಾರೋ ಹಲ್ಲು ಕಚ್ಚಿಕೊಂಡು ಉಸಿರು ಬಿಡುತ್ತ ತನಗಾಗಿ ಕಾಯುತ್ತಿರುವ ಹಾಗೆ ಕೇಳುತ್ತಿತ್ತು. ಸಂಜೆ ರುದ್ರಮೂರ್ತಿ ಬರುತ್ತಾನೆ. ಸರ್ಕಾರಿ ಆಸ್ಪತ್ರೆಯಲ್ಲಿ ಊರಿಗೆಲ್ಲ ಸೂಜಿ ಚುಚ್ಚಿ ರಿಟೈರಾದವನು. ಬೈಕಿಗೆ ಸ್ಟ್ಯಾಂಡ್ ಹಾಕುತ್ತಲೇ "ಎಲ್ರೀ ಯಜಮಾನ್ರ ಹೊಟ್ಟೆ?" ಎಂದು ಪ್ರತಿಸಲದ ತಮಾಷೆ ಮಾಡುತ್ತಾನೆ. ಹೊಕ್ಕುಳಿನ ಪಕ್ಕ ಚರ್ಮ ಹಿಡಿದೆತ್ತಿ ಚುಚ್ಚುತ್ತಾನೆ. ಅಷ್ಟೇ. ನೋವೇನೂ ಇಲ್ಲ. ಆಮೇಲೆ ಇನ್ನು ಮೂರು ತಿಂಗಳು ಅದು ಒಳಗೆ ಕೂತು ತನ್ನ ಕೆಲಸ ಮಾಡುತ್ತಿರುತ್ತದೆ.

ಏನು ಕೆಲಸ ಎಂದು ಶಿವಮೊಗ್ಗದ ಡಾಕ್ಟರು ಮೊದಲನೇ ದಿನವೇ ಬಿಡಿಸಿ ಹೇಳಿದ್ದರು. ಪ್ರಾಸ್ಟೇಟ್ ಕ್ಯಾನ್ಸರ್, ಮೂಳೆಗೂ ಸ್ವಲ್ಪ ತಾಗಿದೆ, ಆದರೆ ಹೆದರಬೇಕಾಗಿಲ್ಲ. "ಗಂಡಸಿನ ಹಾರ್ಮೋನೇ ಈ ಕಾಯಿಲೆಗೆ ಊಟ. ನಾವು ಆ ಊಟ ನಿಲ್ಲಿಸ್ತೀವಿ, ಅದು ಮಲಗುತ್ತೆ." ಮಲಗುತ್ತೆ ಎನ್ನುವಾಗ ಅವರು ಅಂಗೈಯನ್ನು ಮೇಜಿನ ಮೇಲೆ ಮೆತ್ತಗೆ ಇಟ್ಟಿದ್ದು ತೀರ್ಥಪ್ಪನಿಗೆ ನೆನಪಿದೆ. ಹೊರಗೆ ಬೆಂಚಿನ ಮೇಲೆ ಶಿವನಿ ಕಡೆಯವನೊಬ್ಬ ಕೂತಿದ್ದ, ಅವನಿಗೂ ಅದೇ ಸೂಜಿ. "ಹೋರಿಗೆ ಬೀಜ ಒಡೆದ್ರೆ ಗೇಯಕ್ಕಾದ್ರೂ ಬತ್ತದೆ ಯಜಮಾನ್ರೇ, ನಮ್ಗೆ ಒಡೆದ್ರೆ ಯಾತಕ್ಕೂ ಬರಲ್ಲ ನೋಡಿ" ಎಂದು ನಕ್ಕಿದ್ದ. ತೀರ್ಥಪ್ಪನೂ ನಕ್ಕಿದ್ದ. ವಾಪಸು ಬರುವ ರೈಲು ತರೀಕೆರೆ ದಾಟುವಾಗ ಮಾತ್ರ, ಚಿಕ್ಕಂದಿನಲ್ಲಿ ಅಪ್ಪ ಅಜ್ಜಂಪುರದಿಂದ ಹೊಡೆದು ತಂದಿದ್ದ ಬೂದು ಹೋರಿಯ ಕಣ್ಣು ಕಿಟಕಿಯ ಗಾಜಿನಲ್ಲಿ ಬಂದು ನಿಂತಿತ್ತು. ನಾಲ್ಕು ಜನ ಅದನ್ನು ಕೆಡವಿ ಹಿಡಿದಿದ್ದರು. ತಲೆ ಅದುಮಿ ಹಿಡಿಯುವ ಕೆಲಸ ಹುಡುಗ ತೀರ್ಥಪ್ಪನದು. ಹೋರಿ ಕೂಗಿರಲಿಲ್ಲ, ಇವನನ್ನೇ ನೋಡುತ್ತಿತ್ತು. ಮಾರನೇ ವಾರ ಅದು ಮೇವು ಹಾಕುವವರ ಕೈ ನೆಕ್ಕುತ್ತಿತ್ತು. ಪಾಪ, ಎಷ್ಟು ಸಾಧು ಆಯ್ತು ನೋಡು ಎಂದು ಅವ್ವ ಅದರ ಬೆನ್ನು ಸವರಿದ್ದಳು.

ತಾನೂ ಸಾಧು ಆಗಿದ್ದಾನೆ. ಹಾಗೆಂದು ಎಲ್ಲರೂ ಹೇಳುತ್ತಾರೆ. ಮೊದಲಾಗಿದ್ದರೆ ಕೆಲಸಕ್ಕೆ ತಡವಾಗಿ ಬಂದವನ ಮೇಲೆ ಬೀದಿ ಕೊನೆಗೆ ಕೇಳುವ ಹಾಗೆ ಹರಿಹಾಯುತ್ತಿದ್ದ ಗಂಟಲು ಈಗ ಆಯ್ತು ಬಿಡಪ್ಪ ಎನ್ನುತ್ತದೆ. ಕಟಿಂಗ್ ಶಾಪಿನವನು ಕೆನ್ನೆಯ ಮೇಲೆ ಬ್ಲೇಡು ಆಡಿಸಿ "ಏನಣ್ಣಾ, ಬ್ಲೇಡಿಗೆ ಕೆಲಸವೇ ಇಲ್ವಲ್ಲ, ಸನ್ಯಾಸ ಗಿನ್ಯಾಸ ತಗಂಡ್ರಾ?" ಅಂದಾಗ ಕಾದು ಕೂತಿದ್ದ ಹುಡುಗರು ಕಿಸಕ್ಕೆಂದಿದ್ದರು. ಬನಿಯನ್ನಿನೊಳಗೆ ಎದೆ ಮೆತ್ತಗೆ ಉಬ್ಬಿ ಮುಟ್ಟಿದರೆ ನೋಯುತ್ತದೆ. ಅದಕ್ಕೇ ಈ ಸೆಕೆಯಲ್ಲೂ ಅಂಗಿ ಕಳಚುವುದಿಲ್ಲ. ಮಾತಿನ ಮಧ್ಯೆ ಪದ ಕೈಬಿಡುತ್ತದೆ. ಮೊನ್ನೆ ಬೇಲಿ ಸವರಲು ಕುಡುಗೋಲು ಕೇಳಬೇಕಿತ್ತು, 'ಅದು, ಅದು' ಎಂದು ಗಾಳಿಯಲ್ಲಿ ಕೈ ಬಾಗಿಸಿ ತೋರಿಸುತ್ತ ನಿಂತವನಿಗೆ ಮಲ್ಲಿಕಾಂಬ ಒಂದೂ ಮಾತಾಡದೆ ತಂದುಕೊಟ್ಟಳು. ಕೊಟ್ಟ ಮೇಲೂ ಅದರ ಹೆಸರು ಬರಲಿಲ್ಲ. ಮತ್ತೆ ಈ ಅಳು. ಟೀವಿಯಲ್ಲಿ ಸೋಪಿನ ಜಾಹೀರಾತಿನ ಮಗು ನಕ್ಕರೆ ಅಳು, ಕರು ತಾಯಿ ಕಡೆ ಓಡಿದರೆ ಅಳು. ದುಃಖವೇನೂ ಇಲ್ಲದೆ, ಬೆವರು ಬರುವ ಹಾಗೆ ಬರುವ ಅಳು. ಅಪ್ಪ ಸತ್ತಾಗಲೂ ಅಳದ ಕಣ್ಣು ಇದು. ಅಥವಾ ಆ ಕಣ್ಣು ಬೇರೆಯವನದೋ?

"ಏನ್ರೀ, ಅಲ್ಲೇ ಬಿಸಿಲಲ್ಲಿ ಕೂತಿದೀರಾ? ಒಳಗೆ ಬನ್ನಿ" ಎಂದು ಮಲ್ಲಿಕಾಂಬ ಹೊಸ್ತಿಲಲ್ಲಿ ನಿಂತು ಕರೆದಳು. ಅಷ್ಟರಲ್ಲಿ ಅದು ಬಂದಿತ್ತು. ಎದೆಗೂಡಿನ ಕೆಳಗೆಲ್ಲೋ ಯಾರೋ ಒಲೆ ಊದಿದ ಹಾಗೆ ಎದ್ದು, ಕತ್ತು, ಕಿವಿ, ನೆತ್ತಿಗೆ ಏರುವ ಬಿಸಿ. ಬೆವರು ಹುಬ್ಬಿನಿಂದ ತೊಟ್ಟಿಕ್ಕಿತು. ಅವಳು ನೋಡಿದಳು. ಸೆರಗಿನಿಂದಲೇ ಗಾಳಿ ಹಾಕತೊಡಗಿದಳು.

"ನಂಗೂ ಹಿಂಗೇ ಆಗ್ತಿತ್ತಲ್ಲ, ಮುಟ್ಟು ನಿಲ್ಲೋ ಟೈಮಲ್ಲಿ. ಫ್ಯಾನ್ ಹಾಕಿದ್ರೆ ನೀವು ಚಳಿ ಅಂತ ಆರಿಸ್ಬಿಡ್ತಿದ್ರಿ."

"ಹಂಗಾ?"

"ಹೂಂ. ದೊಡ್ಡ ಕಂಬಳಿ ಹೊದ್ಕಂಡು ಗೊರಕೆ ಬೇರೆ." ಅವಳು ನಕ್ಕಳು. "ಹೋಗ್ಲಿ ಬಿಡಿ, ಈಗ ನಾವಿಬ್ರೂ ಒಂದೇ ಜಾತಿ."

ನಗುವಿನಲ್ಲಿ ಕಹಿ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು ಎನಿಸಿತು ತೀರ್ಥಪ್ಪನಿಗೆ. ಇವಳು ತನ್ನ ಗಂಡನ ಬಗ್ಗೆ, ಎಲ್ಲೋ ಪರಸ್ಥಳಕ್ಕೆ ಹೋಗಿರುವ ಆ ಗೊರಕೆಯವನ ಬಗ್ಗೆ, ಮನೆಗೆ ಬಂದ ನೆಂಟನ ಹತ್ತಿರ ಹೇಳಿಕೊಳ್ಳುತ್ತಿದ್ದಾಳೆ. ತಾನು ನೆಂಟ. ನೆಂಟನಿಗೆ ಗಾಳಿ ಹಾಕುತ್ತಾರೆ, ಬೈಯುವುದಿಲ್ಲ. ಮಲಗುವ ಕೋಣೆಯಲ್ಲೂ ಅಷ್ಟೆ. ಮೊದಮೊದಲು ಅವಳ ಕಡೆ ತಿರುಗಲು ಹೆದರಿ ಗೋಡೆಯ ಕಡೆ ಮುಖ ಮಾಡುತ್ತಿದ್ದ. ಆಮೇಲೆ ಹೆದರಿಕೆಯೂ ಹೋಯಿತು, ತಿರುಗಬೇಕೆನ್ನುವುದೂ ಹೋಯಿತು. ಬೇಕು ಅನ್ನುವುದು ಹೋದ ಜಾಗದಲ್ಲಿ ನೋವಾದರೂ ಇರಬೇಕಿತ್ತಲ್ಲ ಎಂದು ತಡಕಾಡಿದರೆ ಅಲ್ಲಿ ಏನೂ ಇರಲಿಲ್ಲ. ಹಲ್ಲು ಕಿತ್ತ ಸಂದಿಗೆ ನಾಲಿಗೆ ಹೋಗಿ ಹೋಗಿ ಬರುವ ಹಾಗೆ ಅವನ ಮನಸ್ಸು ಅಲ್ಲಿಗೇ ಹೋಗಿ ಬರುತ್ತಿತ್ತು.

ಹತ್ತು ಗಂಟೆಯ ಹೊತ್ತಿಗೆ ಅಜ್ಜಂಪುರದಿಂದ ಮಗಳು ನಯನ ಫೋನು ಮಾಡಿದಳು. ಮದುವೆಯಾಗಿ ಅಲ್ಲಿಗೆ ಹೋದಮೇಲೆ ದಿನಾ ಮಾಡುತ್ತಾಳೆ. ಮಾತು ಕಡಿಮೆಯ ಹುಡುಗಿ. ಊಟ ಆಯ್ತಾ, ಮಾತ್ರೆ ಆಯ್ತಾ ಆದ ಮೇಲೆ ಇಬ್ಬರೂ ಫೋನು ಹಿಡಿದುಕೊಂಡು ಸುಮ್ಮನಿರುತ್ತಾರೆ. ಇವತ್ತು ಅವಳೇ ಮೌನ ಮುರಿದಳು.

"ಅಪ್ಪ, ನಾನು ಓದ್ದೆ. ಈ ಮೆಡಿಸಿನ್ ತಗಳ್ಳೋರಿಗೆ ಮರೆವು ಬರುತ್ತಂತೆ, ಕೆಲವರಿಗೆ. ಮನಸ್ಸು ಕುಗ್ಗಿದಂಗೆ ಆಗುತ್ತಂತೆ. ಡಾಕ್ಟರ್ ಹತ್ರ ಹೇಳ್ಬೇಕು ನೀವು. ಅದಕ್ಕೂ ದಾರಿ ಇರುತ್ತೆ."

"ನಂಗೇನಾಗಿದೆ? ಚೆನ್ನಾಗಿದೀನಿ."

"ಅಮ್ಮ ಹೇಳಿದ್ಲು. ಓಂಕಾರೇಶ್ ಮಾವನ ಮನೇಲಿ ಆಗಿದ್ದು. ಅದನ್ನೇ ಹಚ್ಕೊಂಡು ಕೂತ್ಕಬೇಡಿ ಅಪ್ಪ. ಅದು ನೀವಲ್ಲ. ಅದು ಮೆಡಿಸಿನ್."

ಅದು ನೀವಲ್ಲ. ಫೋನಿಟ್ಟ ಮೇಲೂ ಆ ಮಾತು ಕಿವಿಯಲ್ಲಿ ನೀರು ಹೊಕ್ಕ ಹಾಗೆ ನಿಂತುಬಿಟ್ಟಿತು. ತಲೆ ವಾಲಿಸಿದರೂ ಇಳಿಯಲಿಲ್ಲ. ಸಮಾಧಾನಕ್ಕೆ ಹೇಳಿದ್ದಾಳೆ ಕೂಸು. ಆದರೆ ತಾನಲ್ಲ ಅಂದರೆ ಯಾರು? ಓಂಕಾರೇಶನ ಅಟ್ಟ ಹತ್ತಿದವನು ಯಾರು? ಅಲ್ಲಿಂದ ಬಾಯಿ ತೆರೆದವನು ಯಾರು?

ಪಂಚನಹಳ್ಳಿಯ ಸುತ್ತ ತೀರ್ಥಪ್ಪನ ಕಿವಿ ಹೆಸರಾದದ್ದು. ಬಲಿತ ತೆಂಗಿನಕಾಯಿಗಳನ್ನು ಸುಲಿಯದೆ ಅಟ್ಟದ ಮೇಲೆ ಹರವಿ ವರ್ಷದ ಹತ್ತಿರ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಎನ್ನುವುದಕ್ಕೆ ಕಣ್ಣು ಪ್ರಯೋಜನವಿಲ್ಲ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನೀರಿದ್ದರೆ ಗುಳುಕ್ ಎನ್ನುತ್ತದೆ. ಆಗಿದ್ದರೆ ಲೊಡ್ ಲೊಡ್ ಎಂದು ಉಂಡೆ ಚಿಪ್ಪಿಗೆ ಬಡಿಯುತ್ತದೆ. ಇಷ್ಟು ಯಾರಿಗೂ ಗೊತ್ತು. ಕಷ್ಟ ಇರುವುದು ಇವೆರಡರ ನಡುವೆ. ನೀರು ಹೋಗಿದೆ, ತಿರುಳು ಇನ್ನೂ ಬಿಟ್ಟಿಲ್ಲ. ಆಗ ಕಾಯಿ ಮಾತಾಡುವುದಿಲ್ಲ. ಅಪ್ಪ ಅದಕ್ಕೆ ಮೂಕ ಕಾಯಿ ಎನ್ನುತ್ತಿದ್ದ. ಮೂಕ ಕಾಯಿ ಒಳಗೇ ಕೊಳೆಯುತ್ತಿರಬಹುದು, ಒಳಗೇ ಹಣ್ಣಾಗುತ್ತಿರಬಹುದು, ಅದನ್ನು ಒಡೆಯಬೇಡ, ಬೈಯಬೇಡ, ವಾಪಸು ಅದರ ಜಾಗಕ್ಕೆ ಇಡು ಎನ್ನುತ್ತಿದ್ದ. ತೀರ್ಥಪ್ಪನ ಕಿವಿ ಅದನ್ನೂ ಬಿಡುತ್ತಿರಲಿಲ್ಲ. ಬೆರಳಿಗೆ ಬರುವ ಸಣ್ಣ ಅದುರಿನಲ್ಲಿ ಇನ್ನೆಷ್ಟು ಅಮಾವಾಸ್ಯೆ ಎಂದು ಹೇಳಿಬಿಡುತ್ತಿದ್ದ. ಸಖರಾಯಪಟ್ಟಣದಿಂದಲೂ ಅವನನ್ನು ಕರೆಸಿಕೊಂಡವರಿದ್ದರು. ಅಟ್ಟದ ನಾಲ್ಕು ಮೂಲೆಯಿಂದ ಒಂದೊಂದು, ನಡುವಿನಿಂದ ಒಂದು ಅಲ್ಲಾಡಿಸಿ, ಏಣಿಯ ಮೇಲಿಂದಲೇ "ಆಗಿದೆ, ಸುಲಿಸು" ಎಂದರೆ ಮಾರನೇ ಬೆಳಿಗ್ಗೆ ಸುಲಿಯುವವರು ಬರುತ್ತಿದ್ದರು. ಗೊತ್ತಿಲ್ಲ ಎನ್ನುವ ಮಾತು ಆ ಏಣಿಯ ಮೇಲಿಂದ ಯಾವತ್ತೂ ಇಳಿದಿರಲಿಲ್ಲ.

ಯುಗಾದಿ ಕಳೆದ ಮೇಲೆ ಓಂಕಾರೇಶ ಬಂದು ಕರೆದಿದ್ದ. ಮಲ್ಲಿಕಾಂಬಳ ತಮ್ಮ, ಹಿಂದಿನ ಬೀದಿಯವನು. ತೀರ್ಥಪ್ಪ ಹತ್ತಿದ. ಅಟ್ಟದಲ್ಲಿ ಮಸಿಯ ವಾಸನೆ, ಸೂರಿನ ಸಂದಿಯಿಂದ ಬಿದ್ದ ಬಿಸಿಲಿನ ಗೆರೆ, ಸಾಲು ಸಾಲು ಕಾಯಿ. ಅವುಗಳೆಲ್ಲ ತಿರುಗಿ ತನ್ನನ್ನು ನೋಡಿದ ಹಾಗಾಯಿತು. ಒಂದನ್ನು ಎತ್ತಿಕೊಂಡ. ಅಷ್ಟರಲ್ಲಿ ಆ ಬಿಸಿ ಎದ್ದಿತು. ಕಿವಿಯೊಳಗೆ ತನ್ನದೇ ರಕ್ತ ಬಡಿಯುವ ಸದ್ದು. ಕಾಯಿಯನ್ನು ಕಿವಿಗೆ ಹಿಡಿದನೋ? ಹಿಡಿದ ನೆನಪಿದೆ. ಅಥವಾ ಅದು ಇನ್ನೊಂದು ವರ್ಷದ, ಇನ್ನೊಂದು ಅಟ್ಟದ ನೆನಪು. ಎತ್ತಿಕೊಂಡದ್ದು ಯಾತಕ್ಕೆಂದು ತಿಳಿಯದೆ ಅದನ್ನು ಅಲ್ಲೇ ಇಟ್ಟು ಸೂರಿನ ಸಂದಿಗೆ ಮೂಗು ಹಚ್ಚಿ ಉಸಿರೆಳೆದದ್ದು ಮಾತ್ರ ನಿಚ್ಚಳವಾಗಿದೆ. ಕೆಳಗಿನಿಂದ ಓಂಕಾರೇಶ "ಏನ್ ಭಾವ?" ಅಂದ. "ಆಗಿದೆ, ಸುಲಿಸು" ಎಂದು ಒಂದು ದನಿ ಹೇಳಿತು. ಗಟ್ಟಿಯಾದ, ಹಳೆಯ ದನಿ. ಆ ದನಿ ಕೇಳಿ ತೀರ್ಥಪ್ಪನಿಗೇ ಒಂದು ಕ್ಷಣ ಖುಷಿಯಾಗಿತ್ತು.

ಸುಲಿದರೆ ಅರ್ಧಕ್ಕರ್ಧ ಹಸಿ. ಚಿಪ್ಪಿಗೆ ಅಂಟಿಕೊಂಡ ತಿರುಳು ತುಂಡು ತುಂಡಾಗಿ ಬಂತು. ಒಣಗಿಸಲು ಹರವಿದ್ದಕ್ಕೆ ಬೂಷ್ಟು ಹಿಡಿಯಿತು. ಓಂಕಾರೇಶ ಬೈದಿದ್ದರೆ! ಅಂಗಳದಲ್ಲಿ ನಿಂತು, ನಿಮ್ಮ ಕಿವಿಗಿಷ್ಟು ಎಂದು ಕೂಗಾಡಿದ್ದರೆ ತೀರ್ಥಪ್ಪನೂ ಕೂಗಾಡಬಹುದಿತ್ತು. ಅವನು "ಇರ್ಲಿ ಬಿಡಿ ಭಾವ, ಈ ವರ್ಷ ಹವಾನೇ ಹಂಗಿತ್ತು" ಅಂದ. ಅಕ್ಕಪಕ್ಕದವರು, ಸುಲಿಯುವವರು, ಎಲ್ಲರೂ ಹವಾದ ಮೇಲೇ ಹಾಕಿದರು. ಯಾರೂ ತೀರ್ಥಪ್ಪನ ಮುಖ ನೋಡಲಿಲ್ಲ. ಮನೆಗೆ ಬಂದಮೇಲೆ ಮಲ್ಲಿಕಾಂಬ ಹೇಳಿದ್ದೂ ಇದನ್ನೇ, ಇವತ್ತು ಮಗಳು ಹೇಳಿದ್ದೂ ಇದನ್ನೇ. ಹವಾ. ಮೆಡಿಸಿನ್. ಕಿವಿ ಮಂಕಾಗಿದೆ ಪಾಪ. ಕಿವಿ ಮಂಕಾಗಿರಲಿಲ್ಲ. ಅವನು ಅಲ್ಲಾಡಿಸಿಯೇ ಇರಲಿಲ್ಲ. ಮರೆವು ಮದ್ದಿನದಿರಬಹುದು, ಬೆವರು ಮದ್ದಿನದಿರಬಹುದು. ಸುಳ್ಳು? ಸುಳ್ಳನ್ನೂ ಅದೇ ಸೀಸೆಯಲ್ಲಿ ತುಂಬಿ ಕೊಟ್ಟಿದ್ದರೇ?

ಊಟವಾದ ಮೇಲೆ ಮಲ್ಲಿಕಾಂಬ ತೋಟಕ್ಕೆ ಹೊರಟಳು. ಬೋರಿಗೆ ಕರೆಂಟು ಕೊಡುವ ಹೊತ್ತು, ನೀರು ಕಟ್ಟಬೇಕಿತ್ತು. ಅದೂ ಈಗ ಅವಳ ಕೆಲಸ. "ಮಲಗಿರಿ. ಸಂಜೆ ಬೇಗ ಬತ್ತೀನಿ, ರುದ್ರಮೂರ್ತಿ ಬರೋಷ್ಟ್ರಲ್ಲಿ" ಎಂದು ಟವೆಲು ತಲೆಗೆ ಹಾಕಿಕೊಂಡು ಹೋದಳು. ಮನೆಯಲ್ಲಿ ಫ್ರಿಜ್ಜಿನ ಸದ್ದೊಂದೇ ಉಳಿಯಿತು.

ಆಮೇಲೆ ಇವರದೇ ಕಾಯಿ ಹರವಿದ್ದ ಅಟ್ಟದಲ್ಲಿ, ತಲೆಯ ಮೇಲೆ, ಒಂದು ಕಾಯಿ ಉರುಳಿತು.

ಅವನು ಉಸಿರು ಹಿಡಿದ. ಈ ಸದ್ದು ಕೇಳಲು ಶುರುವಾಗಿ ಬಹಳ ದಿನವಾಗಿತ್ತು, ಯಾರಿಗೂ ಹೇಳಿರಲಿಲ್ಲ. ಹಗಲಿನಲ್ಲೇ, ಮನೆಯಲ್ಲಿ ಒಬ್ಬನೇ ಇರುವಾಗಲೇ. ಯಾರೋ ಮೇಲೆ ಮಂಡಿಯೂರಿ ಕೂತು ಒಂದೊಂದೇ ಕಾಯಿ ಎತ್ತಿ, ಅಲ್ಲಾಡಿಸಿ, ಕೇಳಿ, ಇಡುತ್ತಿರುವ ಹಾಗೆ. ಅವಸರವಿಲ್ಲದ ಕೈ. ಗೊರಕೆ ಹೊಡೆಯುವವನು, ಕೂಗಾಡುವವನು, ಮಲ್ಲಿಕಾಂಬಳ ಕಡೆ ತಿರುಗುತ್ತಿದ್ದವನು. ಅವನು ಎಲ್ಲೂ ಹೋಗಿಲ್ಲ. ಕೆಳಗೆ ಜಾಗವಿಲ್ಲದ್ದಕ್ಕೆ ಮೇಲೆ ಹೋಗಿ ಕೂತಿದ್ದಾನೆ. ಈ ಸೂಜಿ ನಿಂತರೆ ಏಣಿ ಇಳಿದು ಬರುತ್ತಾನೆ. ಅವನ ಜೊತೆಗೆ ಮಲಗಿಸಿಟ್ಟ ಆ ಕಾಯಿಲೆಯೂ ಎದ್ದು ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಇಬ್ಬರಿಗೂ ಒಂದೇ ಊಟ. ಬರಲಿ. ಗುರುತಿನವನೊಬ್ಬ ಮನೆಗೆ ಬಂದ ಮೇಲೆ ಸಾಯುವುದು ವಾಸಿ, ಹೀಗೆ ನೆಂಟನಾಗಿ ಬದುಕುವುದಕ್ಕಿಂತ.

ಅಡುಗೆಮನೆಗೆ ಹೋದ. ಫ್ರಿಜ್ಜಿನ ಬಾಗಿಲು ತೆರೆಯಲಿಲ್ಲ. ಸೂಜಿ ಬೇಡ ಎಂದರೆ ಮಲ್ಲಿಕಾಂಬ ಅಳುತ್ತಾಳೆ, ಮಗಳು ಅಜ್ಜಂಪುರದಿಂದ ಓಡಿ ಬರುತ್ತಾಳೆ, ಎಲ್ಲರೂ ಕಾರಣ ಕೇಳುತ್ತಾರೆ. ಡಬ್ಬಿ ಬಿಸಾಡಿದರೆ ಸಿಕ್ಕಿಬೀಳುತ್ತಾನೆ. ತಣ್ಣಗಿಡದಿದ್ದರೆ ಮದ್ದು ಸತ್ತುಹೋಗುತ್ತದೆ ಎಂದು ಕಡೂರಿನ ಮೆಡಿಕಲ್ ಶಾಪಿನವನು ಐಸಿನ ಚೀಲದಲ್ಲಿ ಸುತ್ತಿ ಕೊಡುವಾಗ ಹೇಳಿದ್ದ. ಸತ್ತ ಮದ್ದನ್ನು ಚುಚ್ಚಿಸಿಕೊಂಡರೆ ಯಾರಿಗೂ ತಿಳಿಯುವುದಿಲ್ಲ. ಬೇಡ ಎಂದು ಹೇಳುವ ಕಷ್ಟವೂ ಇಲ್ಲ. ಗೋಡೆಯ ಮೇಲಿನ ಸ್ವಿಚ್ಚು ಒತ್ತಿದ. ಫ್ರಿಜ್ಜು ಒಮ್ಮೆ ಮೈ ಕೊಡವಿ ಸುಮ್ಮನಾಯಿತು. ಆ ಮೌನ ಎಷ್ಟು ದೊಡ್ಡದಾಗಿತ್ತೆಂದರೆ ಅಟ್ಟದ ಮೇಲಿನವನೂ ಕೈ ತಡೆದು ಕೇಳುತ್ತಿದ್ದಾನೆ ಎನಿಸಿತು.

ಬಂದು ಚಾಪೆಯ ಮೇಲೆ ಬಿದ್ದುಕೊಂಡ. ನಿದ್ದೆಯಲ್ಲಿ ಅವನು ಮತ್ತೆ ಹೋರಿಯ ತಲೆ ಹಿಡಿದಿದ್ದ. ಆದರೆ ಹಿಡಿದ ಕೈ ಯಾವುದು, ತಲೆ ಯಾವುದು ತಿಳಿಯಲಿಲ್ಲ. ಮಲ್ಲಿಕಾಂಬ ಪಕ್ಕದಲ್ಲಿ ನಿಂತು ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಎಚ್ಚರವಾದಾಗ ಬನಿಯನ್ನು ತೊಯ್ದಿತ್ತು. ಬಿಸಿಲು ಜಗಲಿಯಿಂದ ಇಳಿದಿತ್ತು. ಒಳಗೆ ಫ್ರಿಜ್ಜು ಗುಂಯ್‌ಗುಡುತ್ತಿತ್ತು.

ಎದ್ದು ಕೂತ. ಅಡುಗೆಮನೆಗೆ ಹೋಗಿ ನೋಡಿದರೆ ಸ್ವಿಚ್ಚು ಕೆಳಗಿತ್ತು, ಹಾಕಿದ್ದ ಹಾಗೇ ಇತ್ತು. ಮನೆಯಲ್ಲಿ ಯಾರೂ ಇಲ್ಲ. ಹಾಗಾದರೆ ತಾನೇ ಎದ್ದು ಬಂದು ಹಾಕಿದನೇ? ಯಾವಾಗ? ಮಲಗುವ ಮೊದಲೋ, ನಡುವೆ ಎದ್ದೋ? ಅಥವಾ ಆರಿಸಿದ್ದೇ ಕನಸೋ? ಬೆರಳ ತುದಿಯಲ್ಲಿ ಸ್ವಿಚ್ಚಿನ ನೆನಪು ಹುಡುಕಿದ. ಇತ್ತು. ಆದರೆ ಅದು ಆರಿಸಿದ್ದರದೋ ಹಾಕಿದ್ದರದೋ ಹೇಳಲು ಬರಲಿಲ್ಲ. ಬಾಗಿಲು ತೆರೆದ. ಡಬ್ಬಿ ಮೊಸರಿಗೂ ಕೊತ್ತಂಬರಿಗೂ ನಡುವೆ ಕೂತಿತ್ತು. ಮುಟ್ಟಿದ. ತಣ್ಣಗಿದೆ ಎನಿಸಿತು. ತನ್ನ ಕೈಯೇ ಕುದಿಯುತ್ತಿತ್ತು. ಕುದಿಯುವ ಕೈಗೆ ಯಾವುದು ತಾನೇ ತಣ್ಣಗಿರುವುದಿಲ್ಲ? ಡಬ್ಬಿಯ ಮೈಮೇಲೆ ನೀರಿನ ಹನಿಗಳಿದ್ದವು.

"ಭಾವ, ಇದೀರಾ?" ಬಾಗಿಲಲ್ಲಿ ಓಂಕಾರೇಶನ ದನಿ. ತೀರ್ಥಪ್ಪ ಫ್ರಿಜ್ಜಿನ ಬಾಗಿಲನ್ನು ಕಳ್ಳನ ಹಾಗೆ ಮುಚ್ಚಿದ. ಓಂಕಾರೇಶ ಕೈಚೀಲದಿಂದ ಎರಡು ಕಾಯಿ ತೆಗೆದು ಜಗಲಿಯ ಮೇಲಿಟ್ಟು ಕೂತ. ಹಳೆಯ ಅಂಗಿ, ಕೊಬ್ಬರಿ ಎಣ್ಣೆ ಬಳಿದ ತಲೆ, ಯಾವತ್ತೂ ತುಸು ನಾಚಿಕೊಂಡ ಹಾಗಿರುವ ಮುಖ.

"ಪಕ್ಕದ ಅಟ್ಟದಲ್ಲಿ ಇನ್ನೊಂದಿಷ್ಟು ಇತ್ತಲ್ಲ ಭಾವ, ಅದ್ರವು. ಒಂಚೂರು ನೋಡಿ ಹೇಳಿ. ನಂಗೆ ಗೊತ್ತಾಗ್ತಿಲ್ಲ."

ತೀರ್ಥಪ್ಪ ಒಂದನ್ನು ಎತ್ತಿ ಅಲ್ಲಾಡಿಸಿದ. ಕಿವಿಗೆ ಹಿಡಿಯುವುದೇ ಬೇಕಾಗಿರಲಿಲ್ಲ. ಲೊಡ ಲೊಡ ಎಂದು ಬೀದಿಯಲ್ಲಿ ಹೋಗುವವರಿಗೂ ಕೇಳುವ ಹಾಗೆ ಉರುಳಿತು. ಇನ್ನೊಂದೂ ಅಷ್ಟೇ. ಆರಿಸಿ ತಂದಿದ್ದಾನೆ. ಅಟ್ಟವನ್ನೆಲ್ಲ ಜಾಲಾಡಿ, ತೊಟ್ಟಿಲ ಮಗುವೂ ಹೇಳಬಹುದಾದ ಎರಡನ್ನು ಆರಿಸಿ, ಭಾವನಿಗೆ ಗೆಲುವಾಗಲಿ ಎಂದು ಹೊತ್ತು ತಂದಿದ್ದಾನೆ. ಮುಖ ಎತ್ತಿದರೆ ಓಂಕಾರೇಶ ಆಸೆಯಿಂದ ನೋಡುತ್ತಿದ್ದ. ಪರೀಕ್ಷೆ ಬರೆಯುವ ಮಗನನ್ನು ಕಿಟಕಿಯಿಂದ ನೋಡುವ ಅಪ್ಪನ ಹಾಗೆ.

"ಆಗಿದೆ."

"ಹಂಗಾದ್ರೆ ಸುಲಿಸ್ಲಾ?"

"ಸುಲಿಸು."

"ನೋಡಿ, ಅದ್ಕೇ ನಿಮ್ಮತ್ರ ತಂದೆ. ಯಾರ್ ಕೇಳಿದ್ರೂ ಅದೇ ಹೇಳೋದು ನಾನು, ನಮ್ ಭಾವನ ಕಿವಿ..." ತೀರ್ಥಪ್ಪನ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ಇಬ್ಬರೂ ಬೀದಿ ನೋಡಿದರು. ಬೀದಿಯಲ್ಲಿ ಒಂದು ಕೋಳಿ ತನ್ನ ನೆರಳನ್ನು ಕೆದಕುತ್ತಿತ್ತು.

ಮಲ್ಲಿಕಾಂಬ ಕಾಲಿನ ಕೆಸರು ತೊಳೆದು ಒಳಗೆ ಬಂದು ಕಾಫಿಗಿಟ್ಟಳು. ದೀಪ ಹಚ್ಚುವ ಹೊತ್ತಿಗೆ ಬೈಕಿನ ಸದ್ದಾಯಿತು.

"ಎಲ್ರೀ ಯಜಮಾನ್ರ ಹೊಟ್ಟೆ?"

ಅವಳು ನಕ್ಕಳು, ಓಂಕಾರೇಶನೂ ನಕ್ಕ. ರುದ್ರಮೂರ್ತಿ ಕೈತೊಳೆದು, ಚೀಲದಿಂದ ಹತ್ತಿ ಸ್ಪಿರಿಟ್ಟು ತೆಗೆದು ಜೋಡಿಸಿ, "ತನ್ರಮ್ಮ ಅಮೃತ" ಅಂದ. ಮಲ್ಲಿಕಾಂಬ ಡಬ್ಬಿ ತಂದುಕೊಟ್ಟಳು. ಅವನು ಅದನ್ನು ಹಿಡಿದವನು ಹುಬ್ಬು ಗಂಟಿಕ್ಕಿದ. ಹೆಬ್ಬೆರಳಿನಿಂದ ನೀರಿನ ಹನಿ ಒರೆಸಿ ನೋಡಿದ.

"ಇದ್ಯಾಕಮ್ಮ ಇಷ್ಟು ಬೆವತದೆ? ಡಬ್ಬಿ ರಟ್ಟೆಲ್ಲ ಮೆತ್ತಗಾಗದೆ. ಕರೆಂಟ್ ಹೋಗಿತ್ತಾ?"

"ತೋಟದಲ್ಲಿದ್ದೆ ನಾನು. ಅಲ್ಲಿ ಇತ್ತಪ್ಪ, ಮೋಟ್ರು ಓಡ್ತಿತ್ತು." ಅವಳು ಗಂಡನ ಕಡೆ ತಿರುಗಿದಳು. "ನೀವು ಮನೇಲೇ ಇದ್ರಲ್ಲ. ಕರೆಂಟ್ ಹೋಗಿತ್ತೇನ್ರೀ?"

ಮೂವರೂ ನೋಡಿದರು. ಅಟ್ಟದ ಮೇಲೂ ಸದ್ದಿರಲಿಲ್ಲ, ಅಲ್ಲಿಯವನೂ ಕಾಯುತ್ತಿದ್ದ. ಹೋಗಿರಲಿಲ್ಲ ಎಂದರೆ ರುದ್ರಮೂರ್ತಿ ಚುಚ್ಚುತ್ತಾನೆ. ಮದ್ದು ಸತ್ತಿದ್ದರೆ ಇನ್ನು ಮೂರು ತಿಂಗಳು ಯಾರಿಗೂ ತಿಳಿಯದೆ ಅವನು ಏಣಿ ಇಳಿದು ಬರುತ್ತಾನೆ, ಅದೂ ಇಳಿದು ಬರುತ್ತದೆ. ಎಷ್ಟು ಸುಲಭ. ಆ ಗಟ್ಟಿ ದನಿ ಗಂಟಲಿನವರೆಗೆ ಬಂದು ನಿಂತಿತ್ತು. ಏಣಿಯ ಮೇಲಿಂದ ಹೇಳುವ, ಎಂದೂ ತಪ್ಪದ ಆ ದನಿ. ಇಲ್ಲ, ಹೋಗಿರಲಿಲ್ಲ, ಚುಚ್ಚು. ತೀರ್ಥಪ್ಪ ಕೈ ಚಾಚಿದ. ರುದ್ರಮೂರ್ತಿ ಏನೂ ತೋಚದೆ ಡಬ್ಬಿಯನ್ನು ಆ ಕೈಗೆ ಕೊಟ್ಟ. ತೀರ್ಥಪ್ಪ ಒಳಗಿನ ಪುಟ್ಟ ಸೀಸೆ ತೆಗೆದು, ಕಿವಿಯ ಹತ್ತಿರ ಹಿಡಿದು, ಅಲ್ಲಾಡಿಸಿದ.

"ಅದೇನು ಕೊಬ್ಬರಿನಾ ಯಜಮಾನ್ರೇ?" ಎಂದು ರುದ್ರಮೂರ್ತಿ ನಗಲು ಹೋದ. ಯಾರೂ ನಗದಿದ್ದಕ್ಕೆ ಅವನೂ ನಿಲ್ಲಿಸಿದ.

ತಳದ ಬಿಳಿ ಪುಡಿ ಮಿಸುಕಾಡಿತು. ಸದ್ದೇ ಇರಲಿಲ್ಲ. ಮತ್ತೆ ಅಲ್ಲಾಡಿಸಿದ. ಬೆರಳುಗಳು ಆ ಸಣ್ಣ ಅದುರಿಗಾಗಿ ಕಾದವು. ಬಿಸಿ ಎದ್ದಿತು, ಕತ್ತಿಗೇರಿತು, ಕಿವಿಗೇರಿತು, ಅವನು ಸೀಸೆ ಇಳಿಸಲಿಲ್ಲ. ಬೆವರು ಕಣ್ಣಿಗಿಳಿದರೂ ಇಳಿಸಲಿಲ್ಲ. ಓಂಕಾರೇಶನ ಅಟ್ಟದಲ್ಲಿ ಎಷ್ಟು ಹೊತ್ತು ನಿಲ್ಲಲಾಗಿರಲಿಲ್ಲವೋ ಅಷ್ಟು ಹೊತ್ತು ಇಲ್ಲಿ ನಿಂತ.

"ಗೊತ್ತಿಲ್ಲ" ಅಂದ.

ದನಿ ತೆಳ್ಳಗಿತ್ತು. ಅವನದೇ ಆಗಿತ್ತು.

"ಸ್ವಿಚ್ ನಾನೇ ಆರಿಸ್ದೆ. ಅದು ಗೊತ್ತು. ಮತ್ತೆ ಹಾಕ್ದವನೂ ನಾನೇ ಇರ್ಬೇಕು. ಯಾವಾಗ ಹಾಕ್ದೆ, ಎಷ್ಟೊತ್ತು ಬಿಟ್ಟಿದ್ದೆ... ಗೊತ್ತಿಲ್ಲ ಕಣೋ."

ಕೊನೆಯ ಮಾತನ್ನು ಅವನು ರುದ್ರಮೂರ್ತಿಗೆ ಹೇಳಿರಲಿಲ್ಲ. ಕಣ್ಣು ಓಂಕಾರೇಶನ ಮೇಲಿತ್ತು. ಓಂಕಾರೇಶ ಕಾಫಿ ಲೋಟವನ್ನು ಬಾಯಿಯ ಹತ್ತಿರವೇ ಹಿಡಿದಿದ್ದ. ನಿಧಾನಕ್ಕೆ ಅವನ ಮುಖದಲ್ಲಿ ಏನೋ ಇಳಿಯಿತು. ಲೋಟ ಕೆಳಗಿಟ್ಟು, ಜಗಲಿಯ ಮೇಲಿದ್ದ ತನ್ನ ಎರಡು ಕಾಯಿಗಳನ್ನು ನೋಡಿದ, ಅವನ್ನು ಚೀಲಕ್ಕೆ ಹಾಕಿಕೊಂಡ.

"ಅವತ್ತು ನಮ್ಮನೇಲೂನಾ ಭಾವ?"

ತೀರ್ಥಪ್ಪ ತಲೆಯಾಡಿಸಿದ.

"ಥೂ" ಎಂದ ಓಂಕಾರೇಶ. ಅವನ ಕಿವಿ ಕೆಂಪಾಗಿತ್ತು. "ಹೇಳೋಕೆ ಏನಾಗಿತ್ತು ನಿಮ್ಗೆ? ಒಂದು ಮಾತು ಹೇಳಿದ್ರೆ ಅಟ್ಟದಲ್ಲೇ ಬಿಡ್ತಿರ್ಲಿಲ್ವಾ? ವರ್ಷದ ಕಾಯಿ ಎಲ್ಲ ತಿಪ್ಪೆಗೆ ಸುರಿದ್ನಲ್ರೀ!" ಎದ್ದು, ಚಪ್ಪಲಿ ಮೆಟ್ಟಿ, ಅಕ್ಕನಿಗೂ ಹೇಳದೆ ಬೀದಿಗಿಳಿದು ಹೋಗಿಬಿಟ್ಟ.

ಬೈದ. ತೀರ್ಥಪ್ಪನಿಗೆ ಎದೆಯಲ್ಲೊಂದು ಕಡೆ ನೋವಾಯಿತು, ಕಿತ್ತ ಹಲ್ಲಿನ ಸಂದಿಗೆ ಜೀವ ಬಂದ ಹಾಗೆ. ಆ ನೋವನ್ನು ಬಿಡಬಾರದೆಂದು ಉಸಿರು ಬಿಗಿ ಹಿಡಿದ.

ರುದ್ರಮೂರ್ತಿ ಹತ್ತಿಯನ್ನು ಮತ್ತೆ ಚೀಲಕ್ಕೆ ತುಂಬುತ್ತ, ಗುಮಾನಿ ಇರೋದನ್ನ ಚುಚ್ಚೋಕಾಗಲ್ಲ, ನಾಳೆ ಕಡೂರಿಂದ ಇನ್ನೊಂದು ತರಿಸಿ, ಒಂದು ದಿನ ಹೆಚ್ಚುಕಮ್ಮಿಯಾದ್ರೆ ಏನೂ ಆಗಲ್ಲ, ಆದ್ರೆ ಶಿವಮೊಗ್ಗದವ್ರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳ್ರಮ್ಮ, ಮರೆವು ಅಳು ಎಲ್ಲಾನೂ, ಎಂದು ಮಲ್ಲಿಕಾಂಬಳಿಗೆ ತಗ್ಗಿದ ದನಿಯಲ್ಲಿ ಹೇಳಿ ಹೋದ. ಈ ಸಲ ತಮಾಷೆ ಮಾಡಲಿಲ್ಲ.

ಅವಳು ಹೊಸ್ತಿಲ ಮೇಲೆ ಕೂತಳು. ಕೇಳಿದಾಗ ಗಾಳಿ ಹಾಕುವವಳ ದನಿ ಅದಾಗಿರಲಿಲ್ಲ.

"ಸಾಯ್ಬೇಕು ಅಂತಿದೀರಾ?"

"ಇಲ್ಲ." ಅವನು ಹುಡುಕಿದ. ಪದಗಳು ಸುಲಿಯದ ಕಾಯಿಗಳ ಹಾಗೆ ಬಿದ್ದಿದ್ದವು. "ಅವ್ನು ವಾಪಸ್ ಬರ್ಲಿ ಅಂತ."

"ಯಾವನು?"

ಮೇಲೆ ಕಾಯಿಯೊಂದು ಉರುಳಿ ಇನ್ನೊಂದಕ್ಕೆ ಬಡಿಯಿತು. ಮಲ್ಲಿಕಾಂಬ ಕತ್ತೆತ್ತಿ ಸೂರು ನೋಡಿದಳು.

"ಇಲಿ" ಅಂದಳು. "ಹಾಳಾದ್ದು, ಯಾವಾಗಿಂದ ಕಾಟ ಕೊಡ್ತಿದೆ."

"ನಿಂಗೂ ಕೇಳುತ್ತಾ?"

"ಕೇಳ್ದೆ ಏನು? ನಂಗೇನ್ ಕಿವುಡಾ?" ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನಾಳೆ ಕಡೂರಿಗೆ ನಾನೂ ಬತ್ತೀನಿ. ಒಬ್ರೇ ಹೋಗ್ಬೇಡಿ. ಬರೋವಾಗ ಐಸಿನ ಚೀಲ ನಾನೇ ಹಿಡ್ಕತೀನಿ."

ಅವಳು ದೀಪಕ್ಕೆ ಎಣ್ಣೆ ಹಾಕಲು ಒಳಗೆ ಹೋದಳು. ತೀರ್ಥಪ್ಪ ಕೂತೇ ಇದ್ದ. ಇಲಿ. ಇರಬಹುದು. ಅಟ್ಟದಲ್ಲಿ ಮತ್ತೆ ಸದ್ದಾಯಿತು. ಈ ಸಲ ಉರುಳಿದ ಸದ್ದಲ್ಲ. ಎತ್ತಿಕೊಂಡದ್ದನ್ನು ಯಾರೋ ಒಡೆಯದೆ, ಬೈಯದೆ, ಮೆಲ್ಲಗೆ ಅದರ ಜಾಗಕ್ಕೆ ಇಟ್ಟ ಸದ್ದು. ಒಳಗಿನಿಂದ ಅವಳು ಈ ಸಲ ಇಲಿ ಎನ್ನಲಿಲ್ಲ.